ಹಾಸನದಿಂದ ಮಾಲ್ಚಾ ಮಾರ್ಗಕ್ಕೆ: ಎಸ್ಟೋನಿಯಾ ವೀಸಾ ಪಡೆದ ಅನುಭವ

ಎಸ್ಟೋನಿಯಾದ ತಾರ್ತು ನಗರದಲ್ಲಿ ಸ್ನಾತಕೋತ್ತರ ಓದಿಗೆ ಸೀಟು ಸಿಕ್ಕಿತ್ತು. ಅದಕ್ಕೆ ಬೇಕಾದ ದೀರ್ಘಾವಧಿ ವೀಸಾ ಕಳೆದ ವಾರ ನನ್ನ ಕೈ ಸೇರಿತು. ಹಾಸನ, ಚಿಕ್ಕಮಗಳೂರು ಕಡೆಯಿಂದ ಜರ್ಮನಿಗೋ ಐರ್ಲೆಂಡಿಗೋ ಓದಲು ಹೋದವರು ಊರಿಗೊಬ್ಬರಾದರೂ ಇದ್ದಾರೆ, ಫೋನ್ ಮಾಡಿ ಕೇಳಿದರೆ ದಾರಿ ಹೇಳುತ್ತಾರೆ. ಎಸ್ಟೋನಿಯಾಕ್ಕೆ ಹೋದವರು ಮಾತ್ರ ನನಗೆ ನಮ್ಮ ಕಡೆ ಯಾರೂ ಸಿಗಲಿಲ್ಲ. ಹಾಸನದಲ್ಲಿ ವಿದೇಶಿ ಶಿಕ್ಷಣದ ಸಲಹೆ ಕೊಡುವ ಕಚೇರಿಯೊಂದರಲ್ಲಿ ವಿಚಾರಿಸಿದಾಗ, ಅಲ್ಲಿನವರು ಆ ದೇಶದ ಕಡತವನ್ನು ತಾವು ಈವರೆಗೆ ಮುಟ್ಟಿಲ್ಲವೆಂದು ಪ್ರಾಮಾಣಿಕವಾಗಿಯೇ ಹೇಳಿದರು. ಹೀಗಾಗಿ ಎಲ್ಲವನ್ನೂ ಒಂದೊಂದಾಗಿ ಹುಡುಕಿ ತಿಳಿಯಬೇಕಾಯಿತು. ಮುಂದಿನ ವರ್ಷ ಈ ದಾರಿಯಲ್ಲಿ ಬರುವವರಿಗೆ ಅಷ್ಟು ಕಷ್ಟ ಬೇಡವೆಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮೊದಲಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ವಿಷಯ ಆ ದೇಶದ ಗಾತ್ರ. ಎಸ್ಟೋನಿಯಾದ ಇಡೀ ಜನಸಂಖ್ಯೆ ಸುಮಾರು 13.7 ಲಕ್ಷ. 2011ರ ಜನಗಣತಿಯಂತೆ ನಮ್ಮ ಹಾಸನ ಜಿಲ್ಲೆಯೊಂದರಲ್ಲೇ 17.76 ಲಕ್ಷ ಜನರಿದ್ದರು. ಅಷ್ಟು ಚಿಕ್ಕ ರಾಷ್ಟ್ರವು ದೆಹಲಿಯಲ್ಲಿ 2013ರಲ್ಲಿ ರಾಯಭಾರ ಕಚೇರಿ ತೆರೆದು, ಇಷ್ಟು ದೊಡ್ಡ ದೇಶದ ಅರ್ಜಿದಾರರನ್ನು ಕೆಲವೇ ಸಿಬ್ಬಂದಿಯಿಂದ ನೋಡಿಕೊಳ್ಳುತ್ತಿದೆ. ಮುಂದೆ ನಾನು ಪಟ್ಟ ಕಾಯುವಿಕೆಗೂ, ಕೊನೆಯಲ್ಲಿ ನನಗಾದ ಸಮಾಧಾನಕ್ಕೂ ಈ ಒಂದೇ ಸಂಗತಿ ಕಾರಣ.

ಎಸ್ಟೋನಿಯಾಕ್ಕೆ ಎರಡು ಬಗೆಯ ವೀಸಾಗಳಿವೆ. ಪ್ರವಾಸ, ಸಮ್ಮೇಳನಗಳಿಗೆ ಕೊಡುವ, ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಕಡಿಮೆ ಅವಧಿಯ ಷೆಂಗೆನ್ ವೀಸಾದ ಅರ್ಜಿಗಳನ್ನು ಖಾಸಗಿ ಅರ್ಜಿ ಕೇಂದ್ರಗಳು ಸ್ವೀಕರಿಸುತ್ತವೆ. ಓದಲು ಹೋಗುವವರಿಗೆ ಬೇಕಾಗಿರುವುದು ದೀರ್ಘಾವಧಿಯ ಡಿ ವೀಸಾ. ಅದಕ್ಕೆ ಮೊದಲೇ ಸಮಯ ಗೊತ್ತುಮಾಡಿಕೊಂಡು ದೆಹಲಿಯ ಮಾಲ್ಚಾ ಮಾರ್ಗದಲ್ಲಿರುವ ರಾಯಭಾರ ಕಚೇರಿಗೆ ಸ್ವತಃ ಹೋಗಬೇಕು. ಬೆಂಗಳೂರಿನಲ್ಲೇ ಕೆಲಸ ಮುಗಿಯುತ್ತದೆಂದು ನಂಬಿದ್ದ ನಮ್ಮ ಮನೆಯವರಿಗೆ ಇದು ಮೊದಲ ಆಘಾತವಾಯಿತು. ದೆಹಲಿ ಪ್ರಯಾಣದ ಖರ್ಚನ್ನು ಆರಂಭದಲ್ಲೇ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಪಾಸ್‌ಪೋರ್ಟ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಹಾಸನದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ 1,500 ರೂಪಾಯಿ ಶುಲ್ಕದಲ್ಲಿ ಅದು ಸಲೀಸಾಗಿ ಆಯಿತು. ತೊಡಕು ಎದುರಾದದ್ದು ಹೆಸರಿನಲ್ಲಿ. ನಮ್ಮ ಕಡೆಯ ಎಷ್ಟೋ ಮಕ್ಕಳಂತೆ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿಯೂ ಪದವಿ ಪತ್ರದಲ್ಲಿಯೂ ಊರಿನ ಹೆಸರು ಮತ್ತು ಅಪ್ಪನ ಹೆಸರು ಬರೀ ಇನಿಷಿಯಲ್‌ಗಳಾಗಿ ನಿಂತಿವೆ. ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿ ಬರೆದ ಪೂರ್ಣ ಹೆಸರುಗಳು. ನಮಗೆ ಇದು ಏನೂ ಅಲ್ಲ. ಯುರೋಪಿನ ಅಧಿಕಾರಿಯೊಬ್ಬರ ಕಣ್ಣಿಗೆ ಇವು ಇಬ್ಬರು ಬೇರೆ ಬೇರೆ ವ್ಯಕ್ತಿಗಳ ದಾಖಲೆಗಳಂತೆ ಕಾಣಬಹುದು. ಆದ್ದರಿಂದ ಹಾಸನದ ನ್ಯಾಯಾಲಯದ ಬಳಿ ನೋಟರಿಯವರಲ್ಲಿ, ಇ-ಸ್ಟ್ಯಾಂಪ್ ಕಾಗದದ ಮೇಲೆ, ಎರಡೂ ಹೆಸರುಗಳು ಒಬ್ಬಳೇ ವ್ಯಕ್ತಿಯವು ಎಂಬ ಅಫಿಡವಿಟ್ ಅನ್ನು ಇಂಗ್ಲಿಷಿನಲ್ಲಿ ಮಾಡಿಸಿದೆ. ಅರ್ಜಿ ಹಾಕುವ ಮುನ್ನವೇ ಇದನ್ನು ಮಾಡಿಸಿಟ್ಟುಕೊಳ್ಳಿ. ದೆಹಲಿಗೆ ಹೋದ ಮೇಲೆ ಕೇಳಿದರೆ ಹಾಸನಕ್ಕೆ ಓಡಿಬರಲು ಆಗುವುದಿಲ್ಲ.

ಪದವಿ ಪತ್ರಕ್ಕೆ ಅಪೊಸ್ಟಿಲ್, ಅಂದರೆ ಒಪ್ಪಂದದಲ್ಲಿರುವ ಬೇರೆ ದೇಶಗಳೂ ಒಪ್ಪುವ ಸರ್ಕಾರಿ ದೃಢೀಕರಣವನ್ನು ಕೂಡ ಮಾಡಿಸಿಕೊಂಡೆ. ಈ ಬಗ್ಗೆ ಗೊಂದಲ ಬಹಳ ಇದೆ. ಕೊಲ್ಲಿ ರಾಷ್ಟ್ರಗಳಿಗೆ ಹೋದ ನೆಂಟರನ್ನು ಕೇಳಿದರೆ, ಪತ್ರದ ಮೇಲೆ ಆಯಾ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೀಳಬೇಕು ಎನ್ನುತ್ತಾರೆ. ಕುವೈತ್‌ನಂತಹ ದೇಶಕ್ಕೆ ಆ ಮಾತು ನಿಜ. ಆದರೆ ಎಸ್ಟೋನಿಯಾ 2001ರಿಂದಲೂ ಭಾರತ 2005ರಿಂದಲೂ ಅಪೊಸ್ಟಿಲ್ ಒಪ್ಪಂದದಲ್ಲಿ ಇರುವುದರಿಂದ, ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಒಂದಿದ್ದರೆ ರಾಯಭಾರ ಕಚೇರಿಯ ಮುದ್ರೆ ಬೇಕಿಲ್ಲ. ಮೊದಲು ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಮಟ್ಟದ ದೃಢೀಕರಣ, ಆಮೇಲೆ ಸಚಿವಾಲಯ ಗೊತ್ತುಪಡಿಸಿದ ಸಂಸ್ಥೆಯ ಮೂಲಕ ಅಪೊಸ್ಟಿಲ್. ಸಚಿವಾಲಯದ ಶುಲ್ಕ ಒಂದು ಪತ್ರಕ್ಕೆ 50 ರೂಪಾಯಿ ಮಾತ್ರ, ಉಳಿದದ್ದೆಲ್ಲ ಸೇವಾ ಶುಲ್ಕ. ಒಂದು ಪತ್ರಕ್ಕೆ ಸಾವಿರಗಟ್ಟಲೆ ಕೇಳುವವರ ಬಳಿ ಯಾವುದಕ್ಕೆ ಎಷ್ಟು ಎಂದು ಬಿಡಿಸಿ ಹೇಳಲು ಕೇಳಿ.

ನನ್ನ ನಿದ್ದೆಗೆಡಿಸಿದ್ದು ಹಣದ ದಾಖಲೆ. ಅಪ್ಪ ಸಕಲೇಶಪುರ ತಾಲ್ಲೂಕಿನಲ್ಲಿ ಸಣ್ಣ ಕಾಫಿ ಬೆಳೆಗಾರರು. ಸಂಬಳದ ಚೀಟಿ ಎಂಬುದು ನಮ್ಮ ಮನೆಯಲ್ಲಿ ಎಂದೂ ಇರಲಿಲ್ಲ. ಅರೇಬಿಕಾ ಕೊಯ್ಲು ಮುಗಿದು, ರೊಬಸ್ಟಾ ಕೊಯ್ಲೂ ಮುಗಿದು, ಕಾಫಿ ಒಣಗಿ ಚೀಲ ತುಂಬಿ, ಸಿಪ್ಪೆ ತೆಗೆದು ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಮೇಲೆ ವರ್ಷದ ದುಡ್ಡು ಒಂದೆರಡು ಕಂತಿನಲ್ಲಿ ಬ್ಯಾಂಕಿಗೆ ಬಂದು ಬೀಳುತ್ತದೆ. ಉಳಿದ ತಿಂಗಳುಗಳಲ್ಲಿ ಖಾತೆಯಿಂದ ಹೋಗುವುದೇ ಹೊರತು ಬರುವುದು ಇಲ್ಲ. ವೀಸಾ ಅಧಿಕಾರಿಗಳು ಅನುಮಾನದಿಂದ ನೋಡುವುದು ಇಂತಹ ಖಾತೆಯನ್ನೇ: ಅರ್ಜಿಗೆ ಸ್ವಲ್ಪ ಮೊದಲು ಯಾರಿಂದಲೋ ಸಾಲ ತಂದು ತುಂಬಿದಂತೆ ಅದು ಕಾಣುತ್ತದೆ. ಮೇಲಾಗಿ ನಮ್ಮ ದೇಶದಲ್ಲಿ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಕಾಫಿಯನ್ನು ಬೆಳೆಗಾರನೇ ಕ್ಯೂರ್ ಮಾಡಿ ಮಾರಿದರೆ ಆ ಆದಾಯದ ಶೇ 25 ಭಾಗ ತೆರಿಗೆಯ ಲೆಕ್ಕಕ್ಕೆ ಬರುತ್ತದೆ, ಹುರಿದು ಪುಡಿ ಮಾಡಿ ಮಾರಿದರೆ ಶೇ 40. ಅಪ್ಪ ಕೊಡುವುದು ಕ್ಯೂರ್ ಮಾಡದ ಕಾಫಿಯನ್ನು, ಆದ್ದರಿಂದ ತೋರಿಸಲು ತೆರಿಗೆ ರಿಟರ್ನ್ಸ್ ಕೂಡ ಇಲ್ಲ.

ಈ ಸಂಕಟವನ್ನು ಅಪ್ಪನಿಗೆ ಹೇಳಿದಾಗ ಅವರು ಒಳಮನೆಯ ಗೋಡೆಯಿಂದ ಬಾಗಿದ ಕಂಬಿಯೊಂದನ್ನು ತೆಗೆದುಕೊಂಡು ಬಂದರು. "ರಸೀದಿ ಒಂದೂ ಎಸೆದಿಲ್ಲ ಕಣವ್ವ, ಯಾವ ವರ್ಷದ್ದು ಬೇಕು ಹೇಳು" ಎಂದರು. ಕಾಫಿ ಕೊಟ್ಟ ಪ್ರತಿ ಸಲದ ತೂಕದ ಚೀಟಿ, ತೇವಾಂಶ ಮತ್ತು ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪ್ರಮಾಣ) ಬರೆದ ಬಿಲ್ಲು, ಹಣ ಜಮೆಯಾದ ದಿನಾಂಕ ಎಲ್ಲವೂ ಆ ಕಂಬಿಗೆ ಚುಚ್ಚಿಕೊಂಡು ವರ್ಷದ ಕ್ರಮದಲ್ಲಿ ಇದ್ದವು. ಮೂರು ವರ್ಷಗಳ ಬಿಲ್ಲುಗಳನ್ನು ಬಿಡಿಸಿ ಜೆರಾಕ್ಸ್ ಮಾಡಿಸಿದೆ. ಪ್ರತಿ ಹಾಳೆಯ ನಡುವೆ ಕಂಬಿಯ ತೂತು ಒಂದು ಕಪ್ಪು ಚುಕ್ಕೆಯಾಗಿ ಮೂಡಿತು. ಅವುಗಳನ್ನು ಬ್ಯಾಂಕ್ ಸ್ಟೇಟ್‌ಮೆಂಟಿನ ಜಮೆಗಳ ಪಕ್ಕದಲ್ಲಿ ದಿನಾಂಕ ಹೊಂದಿಸಿ ಇಟ್ಟೆ. ಪಹಣಿಯನ್ನು ಇಂಗ್ಲಿಷಿಗೆ ಅನುವಾದಿಸಿ ನೋಟರಿ ಮಾಡಿಸಿದೆ. ಕಾಫಿ ಬೆಳೆಗಾರನ ಹಣ ವರ್ಷಕ್ಕೆ ಹೇಗೆ ಬರುತ್ತದೆ, ಕೃಷಿ ಆದಾಯಕ್ಕೆ ತೆರಿಗೆ ಯಾಕಿಲ್ಲ ಎಂಬುದನ್ನು ಒಂದೇ ಪುಟದಲ್ಲಿ ವಿವರಿಸಿದ ಪತ್ರಕ್ಕೆ ಅಪ್ಪನ ಸಹಿ ಹಾಕಿಸಿ ಎಲ್ಲದರ ಮೇಲಿಟ್ಟೆ. ಕಾಫಿ, ಮೆಣಸು, ಅಡಿಕೆ, ಏಲಕ್ಕಿ ಬೆಳೆಯುವ ಮನೆಗಳ ಮಕ್ಕಳು ಈ ಪತ್ರವನ್ನು ಖಂಡಿತ ಬರೆಯಬೇಕು. ನಮ್ಮ ಬದುಕಿನ ಲೆಕ್ಕಾಚಾರ ಸಂಬಳದ ದೇಶದವರಿಗೆ ತಾನಾಗಿಯೇ ತಿಳಿಯುವುದಿಲ್ಲ, ತಿಳಿಸಿದರೆ ತಿಳಿದುಕೊಳ್ಳುತ್ತಾರೆ.

ಉಳಿದ ಕಾಗದಗಳು ಸರಳ: ವಿಶ್ವವಿದ್ಯಾಲಯದ ಪ್ರವೇಶ ಪತ್ರ, ತಂಗುವ ವ್ಯವಸ್ಥೆಯ ಪುರಾವೆ, ಜಾಲತಾಣದಲ್ಲಿ ತುಂಬಿ ಮುದ್ರಿಸಿ ಸಹಿ ಹಾಕಿದ ಅರ್ಜಿ, 35 ಮತ್ತು 45 ಮಿಲಿಮೀಟರ್ ಅಳತೆಯ ಭಾವಚಿತ್ರ, ಕನಿಷ್ಠ 30,000 ಯೂರೋ ಮೊತ್ತದ ಆರೋಗ್ಯ ವಿಮೆ. ಭಾವಚಿತ್ರದ ಅಳತೆಯನ್ನು ಸ್ಟುಡಿಯೋದವರಿಗೆ ಬರೆದುಕೊಡಿ, ಇಲ್ಲದಿದ್ದರೆ ಬೇರೆ ಅಳತೆಯ ಫೋಟೊ ಕೊಟ್ಟುಬಿಡುತ್ತಾರೆ. ವಿಮೆ ವೀಸಾದ ಪೂರ್ತಿ ಅವಧಿಗೆ ಇರಬೇಕು. ಮಾಮೂಲಿ ಪ್ರವಾಸ ವಿಮೆ ಕೆಲವು ತಿಂಗಳಿಗೇ ನಿಲ್ಲುವುದರಿಂದ ವಿದ್ಯಾರ್ಥಿಗಳಿಗೆಂದೇ ಇರುವ ಪಾಲಿಸಿ ಕೇಳಿ ತೆಗೆದುಕೊಳ್ಳಿ. ವೀಸಾ ಶುಲ್ಕ ಯೂರೋ ಲೆಕ್ಕದಲ್ಲಿದ್ದು ಆಗಾಗ ಬದಲಾಗುತ್ತದೆ. ಯಾರೋ ಹೋದ ವರ್ಷ ಕಟ್ಟಿದ ಮೊತ್ತವನ್ನು ನಂಬದೆ ಅರ್ಜಿ ಹಾಕುವ ವಾರದಲ್ಲಿ ಕಚೇರಿಯ ಸೂಚನೆಯನ್ನೇ ನೋಡಿ.

ಕಾಗದಗಳೆಲ್ಲ ಸಿದ್ಧವಾದವು, ರಾಯಭಾರ ಕಚೇರಿಯಲ್ಲಿ ಭೇಟಿಯ ಸಮಯ ಸಿಗಲಿಲ್ಲ. ತಾರ್ತುವಿನಲ್ಲಿ ತರಗತಿಗಳು ಸೆಪ್ಟೆಂಬರ್ ಆರಂಭದಲ್ಲಿ ಶುರುವಾಗುವುದರಿಂದ ದೇಶದ ಎಲ್ಲ ವಿದ್ಯಾರ್ಥಿಗಳೂ ಜೂನ್, ಜುಲೈನಲ್ಲಿಯೇ ಮುಗಿಬೀಳುತ್ತಾರೆ. ಬೆಳಗ್ಗೆ ಎದ್ದು ನೋಡಿದರೂ, ಮಧ್ಯರಾತ್ರಿ ನೋಡಿದರೂ ಖಾಲಿ ಜಾಗ ಕಾಣುತ್ತಿರಲಿಲ್ಲ. ಹಣ ಕೊಟ್ಟರೆ ಸಮಯ ಕೊಡಿಸುವುದಾಗಿ ಒಬ್ಬ ಮಧ್ಯವರ್ತಿ ಫೋನ್ ಮಾಡಿದ, ನಾನು ಒಪ್ಪಲಿಲ್ಲ, ನೀವೂ ಒಪ್ಪಬೇಡಿ. ಬೇರೆಯವರು ರದ್ದು ಮಾಡಿದ ಸಮಯಗಳು ಆಗಾಗ ಪಟ್ಟಿಗೆ ಮರಳಿ ಬರುತ್ತವೆ, ನನಗೆ ಸಿಕ್ಕಿದ್ದೂ ಅಂತಹದ್ದೇ ಒಂದು. ರಜೆಗಳ ಪಟ್ಟಿಯನ್ನೂ ನೋಡಿಕೊಳ್ಳಿ. ಜೂನ್ 23 ಮತ್ತು 24, ಆಗಸ್ಟ್ 20 ಎಸ್ಟೋನಿಯಾದ ರಾಷ್ಟ್ರೀಯ ರಜೆಗಳು, ಅದರ ಜೊತೆಗೆ ನಮ್ಮ ಆಗಸ್ಟ್ 15 ಇದೆ. ನೂಕುನುಗ್ಗಲಿನ ತಿಂಗಳುಗಳಲ್ಲಿ ಇಂತಹ ಒಂದೊಂದು ದಿನವೂ ದೊಡ್ಡದು.

ಕಾಯುವ ಆ ದಿನಗಳಲ್ಲಿ ನಾನು ಎಸ್ಟೋನಿಯಾದ ರಾಯಭಾರ ಕಚೇರಿಗಳ ಚರಿತ್ರೆಯನ್ನು ಹುಡುಕಿ ಓದಿದೆ. ವೀಸಾಕ್ಕೆ ಅದರ ಅಗತ್ಯವಿರಲಿಲ್ಲ. ಆದರೆ ಓದಿದ ಮೇಲೆ ದೆಹಲಿಯ ಆ ಕಟ್ಟಡವನ್ನು ನೋಡುವ ನನ್ನ ದೃಷ್ಟಿಯೇ ಬದಲಾಯಿತು. ಎಸ್ಟೋನಿಯಾ 1918ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡು, 1920ರ ದಶಕದಲ್ಲಿ ಯುರೋಪಿನ ರಾಜಧಾನಿಗಳಲ್ಲಿ ತನ್ನ ಕಚೇರಿಗಳಿಗೆ ಕಟ್ಟಡಗಳನ್ನು ಹೊಂದಿಸಿಕೊಂಡಿತು. 1940ರಲ್ಲಿ ಸೋವಿಯತ್ ಒಕ್ಕೂಟ ಅದನ್ನು ಆಕ್ರಮಿಸಿದಾಗ ದೇಶದ ಜೊತೆಗೆ ಹೊರಗಿನ ಆ ಮನೆಗಳೂ ಕೈತಪ್ಪತೊಡಗಿದವು. ಪ್ಯಾರಿಸ್‌ನ ಕಟ್ಟಡ ಸೋವಿಯತ್ ಪ್ರತಿನಿಧಿಗಳ ವಶವಾಯಿತು. ಆದರೆ ಅಮೆರಿಕ ಆ ವರ್ಷ ಜುಲೈ 23ರಂದೇ ಈ ಆಕ್ರಮಣವನ್ನು ಒಪ್ಪುವುದಿಲ್ಲವೆಂದು ಪ್ರಕಟಿಸಿತು. ಅದರಿಂದಾಗಿ ನ್ಯೂಯಾರ್ಕಿನಲ್ಲಿದ್ದ ಎಸ್ಟೋನಿಯಾದ ಕಾನ್ಸುಲೇಟ್ ಕಚೇರಿ ಬಾಗಿಲು ಮುಚ್ಚಲಿಲ್ಲ. ಭೂಪಟದಲ್ಲಿ ದೇಶವೇ ಇಲ್ಲದಿದ್ದ ಅರ್ಧ ಶತಮಾನ ಕಾಲ ಆ ಕಚೇರಿ ಎಸ್ಟೋನಿಯಾದ ಪಾಸ್‌ಪೋರ್ಟ್‌ಗಳನ್ನು ಕೊಡುತ್ತಲೇ ಇತ್ತು. 1965ರಿಂದ ಅದರ ಹೊಣೆ ಹೊತ್ತಿದ್ದ ಅರ್ನ್‌ಸ್ಟ್ ಯಾಕ್ಸನ್ ಎಂಬ ರಾಜತಾಂತ್ರಿಕರು 1991ರಲ್ಲಿ ದೇಶ ಮತ್ತೆ ಸ್ವತಂತ್ರವಾಗುವವರೆಗೂ ಅಲ್ಲಿಯೇ ಇದ್ದು, ಆಮೇಲೆ ಅಮೆರಿಕಕ್ಕೆ ರಾಯಭಾರಿಯಾದರು. 1923ರಲ್ಲಿ ಕೊಂಡಿದ್ದ ಬರ್ಲಿನ್‌ನ ಕಟ್ಟಡ ಮರಳಿ ಕೈಗೆ ಬಂದು, ದುರಸ್ತಿಯಾಗಿ, 2001ರಲ್ಲಿ ಮತ್ತೆ ರಾಯಭಾರ ಕಚೇರಿಯಾಯಿತು. ಭಾರತ ಈ ದೇಶವನ್ನು 1991ರ ಸೆಪ್ಟೆಂಬರ್ 9ರಂದು ಮಾನ್ಯ ಮಾಡಿತು. ತಾಲಿನ್‌ನಲ್ಲಿ ನಮ್ಮ ರಾಯಭಾರ ಕಚೇರಿ ಆರಂಭವಾದದ್ದು 2021ರಲ್ಲಿ.

ಕಟ್ಟಡ ಕಳೆದುಕೊಂಡ ನೆನಪಿರುವ ದೇಶವಾದ್ದರಿಂದಲೋ ಏನೋ, ಅವರು ಇನ್ನೊಂದು ಹೆಜ್ಜೆಯನ್ನೂ ಇಟ್ಟಿದ್ದಾರೆ. ತಮ್ಮ ಸರ್ಕಾರದ ಮುಖ್ಯ ದತ್ತಾಂಶದ ಪ್ರತಿಗಳನ್ನು ಲಕ್ಸೆಂಬರ್ಗ್‌ನಲ್ಲಿ ಸರ್ವರ್‌ಗಳಲ್ಲಿ ಇರಿಸಿ, 2017ರ ಒಪ್ಪಂದದ ಮೂಲಕ ಆ ಸರ್ವರ್‌ಗಳಿಗೆ ರಾಯಭಾರ ಕಚೇರಿಗೆ ಇರುವಂತಹ ರಕ್ಷಣೆಯನ್ನು ಪಡೆದಿದ್ದಾರೆ. ನೆಲ ಕೈಬಿಟ್ಟರೂ ಭೂ ದಾಖಲೆ, ಜನರ ದಾಖಲೆ ಉಳಿಯಬೇಕೆಂಬುದು ಇದರ ಉದ್ದೇಶ. ಪಹಣಿ, ಮ್ಯುಟೇಶನ್‌ಗಳಿಗಾಗಿ ತಾಲ್ಲೂಕು ಕಚೇರಿಗೆ ಅಲೆದು ಬಂದವಳಿಗೆ ಅದರ ಬೆಲೆ ಚೆನ್ನಾಗಿ ಅರ್ಥವಾಯಿತು.

ಹಾಸನದಿಂದ ಶ್ರವಣಬೆಳಗೊಳದ ಮಾರ್ಗವಾಗಿ ಬೆಂಗಳೂರಿಗೆ, ಅಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದು ದೆಹಲಿಗೆ ಅಪ್ಪನೊಂದಿಗೆ ಹೋದೆ. ವಿಮಾನ ಬೇಗ ಮುಟ್ಟಿಸುತ್ತದೆ, ಆದರೆ ರದ್ದಾದ ಸಮಯ ಸಿಕ್ಕಿದಾಗ ಟಿಕೆಟ್ ದರ ನಮ್ಮ ಕೈಗೆಟುಕುವಂತಿರಲಿಲ್ಲ. ರೈಲಿನಲ್ಲಿ ಹೋಗುವವರು ಒಂದು ದಿನ ಮೊದಲೇ ತಲುಪುವಂತೆ ಹೊರಡಿ. ನಮ್ಮ ರೈಲು ಗಂಟೆಗಟ್ಟಲೆ ತಡವಾಗಿ ಸೇರಿತು, ಅದೇ ದಿನ ಹಾಜರಾಗಬೇಕಿದ್ದರೆ ಎಲ್ಲವೂ ವ್ಯರ್ಥವಾಗುತ್ತಿತ್ತು. ರಾತ್ರಿ ಆರ್.ಕೆ. ಪುರಂನಲ್ಲಿರುವ ಚಿಕ್ಕಪ್ಪನ ಮನೆಯಲ್ಲಿ ಉಳಿದೆವು.

ಮರುದಿನ ಬೆಳಗ್ಗೆ ಚಿಕ್ಕಪ್ಪ ನಮ್ಮನ್ನು ಬೇಕೆಂದೇ ಶಾಂತಿಪಥದ ಮೂಲಕ ಕರೆದುಕೊಂಡು ಹೋದರು. ಚಾಣಕ್ಯಪುರಿ 1950ರ ದಶಕದಲ್ಲಿ ರಾಯಭಾರ ಕಚೇರಿಗಳಿಗೆಂದೇ ರೂಪಿಸಿದ ಬಡಾವಣೆ. ಎಡ್ವರ್ಡ್ ಡ್ಯೂರೆಲ್ ಸ್ಟೋನ್ ವಿನ್ಯಾಸ ಮಾಡಿದ, 1959ರಲ್ಲಿ ಉದ್ಘಾಟನೆಯಾದ ಅಮೆರಿಕದ ಕಚೇರಿ ಬಿಳಿ ಜಾಲರಿ ಗೋಡೆಗಳೊಂದಿಗೆ ಅಲ್ಲಿ ನಿಂತಿದೆ. ಫಿನ್ಲೆಂಡ್ ಕೂಡ ಚಿಕ್ಕ ರಾಷ್ಟ್ರವೇ. ಆದರೂ ರೈಲಿ ಮತ್ತು ರೈಮಾ ಪಿಯೆಟಿಲ ದಂಪತಿಯ ವಿನ್ಯಾಸದ, ಹಿಮ ಮುಸುಕಿದ ಬೆಟ್ಟವನ್ನು ನೆನಪಿಸುವ ಚಾವಣಿಗಳ ಕಟ್ಟಡವನ್ನು 1980ರ ದಶಕದಲ್ಲಿ ಇಲ್ಲಿ ಕಟ್ಟಿಸಿತು. ಇದನ್ನೆಲ್ಲ ನೋಡಿಕೊಂಡು ಮಾಲ್ಚಾ ಮಾರ್ಗಕ್ಕೆ ತಿರುಗಿದರೆ ಸಿಗುವುದು ಮರಗಳ ನೆರಳಿನ ವಸತಿ ಬೀದಿ. ಎಸ್ಟೋನಿಯಾದ ಕಚೇರಿ ಇರುವುದು ಅಂತಹದ್ದೊಂದು ಮನೆಯಲ್ಲಿ. ನೀಲಿ, ಕಪ್ಪು, ಬಿಳಿ ಪಟ್ಟಿಗಳ ಬಾವುಟವಿಲ್ಲದಿದ್ದರೆ ನಾವು ಮುಂದೆ ಹೋಗಿಬಿಡುತ್ತಿದ್ದೆವು. ಹೋಗುವವರು ಮನೆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಗೇಟಿನ ಪಕ್ಕದ ಫಲಕದ ಮೇಲೆ ಅವರ ರಾಜಲಾಂಛನದ ಮೂರು ನೀಲಿ ಸಿಂಹಗಳಿದ್ದವು. ಬೇಲೂರಿನಲ್ಲಿ ಸಳನ ಎದುರು ಎರಗುವ ಸಿಂಹವನ್ನು ನೋಡಿ ಬೆಳೆದವಳು ನಾನು. ಸಾಲಾಗಿ ಒಂದರ ಕೆಳಗೊಂದು ನಡೆಯುತ್ತಿರುವ ಆ ಸಿಂಹಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತೆ. ಭಯ ಕಡಿಮೆಯಾಯಿತು.

ಗೇಟಿನಲ್ಲಿ ಪಾಸ್‌ಪೋರ್ಟ್ ಮತ್ತು ಸಮಯದ ಮುದ್ರಿತ ಪ್ರತಿಯನ್ನು ನೋಡಿ, ಮೊಬೈಲನ್ನು ಅಲ್ಲಿಯೇ ಇರಿಸಿಕೊಂಡರು. ಅರ್ಜಿದಾರರನ್ನು ಬಿಟ್ಟು ಬೇರೆಯವರಿಗೆ ಒಳಗೆ ಪ್ರವೇಶವಿರಲಿಲ್ಲ, ಅಪ್ಪ ಹೊರಗೇ ಉಳಿದರು. ಮಾಲ್ಚಾ ಮಾರ್ಕೆಟ್ ಹತ್ತಿರದಲ್ಲಿಯೇ ಇರುವುದರಿಂದ ಜೊತೆಗೆ ಬಂದವರಿಗೆ ಕೂರಲು, ಕಾಫಿ ಕುಡಿಯಲು ತೊಂದರೆಯಿಲ್ಲ. ದಾಖಲೆಯ ಪ್ರತಿಗಳು ಮೊಬೈಲಿನಲ್ಲಿವೆ ಎಂದು ನೆಚ್ಚಿಕೊಳ್ಳಬೇಡಿ, ಎಲ್ಲವೂ ಕಾಗದದಲ್ಲಿಯೇ ಇರಬೇಕು.

ಒಳಗೆ ಜನಜಂಗುಳಿ ಇರಲಿಲ್ಲ. ಕೆಲವು ಕುರ್ಚಿಗಳು, ಗಾಜಿನ ಹಿಂದೆ ಒಂದು ಕಿಟಕಿ. ನನ್ನ ಕಡತವನ್ನು ತೆಗೆದುಕೊಂಡವರು ಹಾಳೆಗಳನ್ನು ಎಣಿಸಿ ಬದಿಗಿಡಲಿಲ್ಲ, ಒಂದೊಂದನ್ನೂ ಓದಿದರು. ಯಾಕೆ ಈ ವಿಷಯ, ಯಾಕೆ ಎಸ್ಟೋನಿಯಾ, ಓದು ಮುಗಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರು. ಆಮೇಲೆ ಕಾಫಿ ಬಿಲ್ಲುಗಳ ಹತ್ತಿರ ನಿಂತರು. ಪ್ರತಿ ಹಾಳೆಯಲ್ಲಿಯೂ ಇರುವ ಈ ಕಪ್ಪು ಚುಕ್ಕೆ ಏನು ಎಂದು ಅವರು ವಿಚಾರಿಸಿದಾಗ, ಅಪ್ಪ ರಸೀದಿಗಳನ್ನು ಕಂಬಿಗೆ ಚುಚ್ಚಿಡುವ ಕ್ರಮವನ್ನು ವಿವರಿಸಿ, ಮೂಲ ಬಿಲ್ಲುಗಳನ್ನು ತೋರಿಸಿದೆ. ಅವರು ಬಿಲ್ಲಿನ ದಿನಾಂಕವನ್ನೂ ಬ್ಯಾಂಕಿನ ಜಮೆಯನ್ನೂ ಬೆರಳಿಟ್ಟು ಹೋಲಿಸಿ ನೋಡಿ, ಅಪ್ಪನ ಪತ್ರವನ್ನು ಪೂರ್ತಿ ಓದಿ, ತಲೆಯಾಡಿಸಿದರು. ಯಂತ್ರದಂತೆ ಟಿಕ್ ಹಾಕುತ್ತಾ ಹೋಗುವ ಕಡೆಯಲ್ಲಿ ನನ್ನ ಕಡತ ಸಿಕ್ಕಿದ್ದರೆ ಆ ಖಾತೆಯನ್ನು ನೋಡಿ ಬದಿಗೆ ಸರಿಸುತ್ತಿದ್ದರೇನೋ ಎಂದು ನನಗೆ ಈಗಲೂ ಅನ್ನಿಸುತ್ತದೆ. ಚಿಕ್ಕ ಕಚೇರಿಯಾದ್ದರಿಂದ ಸಮಯ ಸಿಗುವುದು ಕಷ್ಟ. ಅದೇ ಚಿಕ್ಕತನದಿಂದ ನಮ್ಮ ಕಾಗದ ಒಬ್ಬ ಮನುಷ್ಯರ ಕಣ್ಣಿಗೆ ಬೀಳುತ್ತದೆ.

ಮೂಲ ದಾಖಲೆಗಳನ್ನು ಮರಳಿಸಿ, ಪಾಸ್‌ಪೋರ್ಟ್ ಇಟ್ಟುಕೊಂಡರು. ಡಿ ವೀಸಾದ ತೀರ್ಮಾನಕ್ಕೆ 30 ದಿನಗಳವರೆಗೆ ಬೇಕಾಗಬಹುದು. ಪಾಸ್‌ಪೋರ್ಟ್ ಪಡೆಯಲು ನಾನೇ ಮತ್ತೆ ಬರಬೇಕೇ ಎಂದು ಕೇಳಿದೆ. ನನ್ನ ಸಹಿಯಿರುವ ಒಪ್ಪಿಗೆ ಪತ್ರದೊಂದಿಗೆ ಚಿಕ್ಕಪ್ಪ ಬಂದರೆ ಸಾಕೆಂದರು. ಕಿಟಕಿಯಿಂದ ಏಳುವ ಮುನ್ನ ನೀವೂ ಈ ಪ್ರಶ್ನೆ ಕೇಳಿ, ಎರಡನೆಯ ಪ್ರಯಾಣದ ಖರ್ಚು ಉಳಿದೀತು.

ಊರಿಗೆ ಮರಳಿದ ಮೇಲಿನ ಕಾಯುವಿಕೆ ಬೇರೆಯೇ ಬಗೆಯದು. ತೋಟದಲ್ಲಿ ಮಳೆ ಹಿಡಿದಿತ್ತು, ಕರೆಂಟ್ ಹೋದರೆ ದಿನಗಟ್ಟಲೆ ನೆಟ್‌ವರ್ಕ್ ಇರುತ್ತಿರಲಿಲ್ಲ. ಕಚೇರಿಯಿಂದ ಮೇಲ್ ಬಂದು ಉತ್ತರಿಸದೆ ಹೋದರೆ ಎಂಬ ಆತಂಕದಿಂದ ನಾನು ಹಾಸನದ ಗೆಳತಿಯ ಕೋಣೆಗೆ ಹೋಗಿ ಉಳಿದೆ. ಮಲೆನಾಡಿನ ಹಳ್ಳಿಗಳವರು ಜೂನ್‌ನಿಂದ ಆಗಸ್ಟ್‌ವರೆಗೆ ನೆಟ್‌ವರ್ಕ್ ಇರುವ ಕಡೆ ಉಳಿಯುವ ವ್ಯವಸ್ಥೆ ಮಾಡಿಕೊಳ್ಳಿ. ನಿಜಕ್ಕೂ ಒಂದು ಮೇಲ್ ಬಂತು. ವಿಮೆಯ ಆರಂಭದ ದಿನಾಂಕವನ್ನು ಪ್ರಯಾಣದ ದಿನಕ್ಕೆ ಹೊಂದಿಸಿ ಕಳಿಸಲು ಕೇಳಿದ್ದರು, ಅಂದೇ ಪಾಲಿಸಿ ತಿದ್ದಿಸಿ ಕಳಿಸಿದೆ.

ಕಳೆದ ವಾರ ಚಿಕ್ಕಪ್ಪ ಪಾಸ್‌ಪೋರ್ಟ್ ಪಡೆದು, ವೀಸಾ ಚೀಟಿಯ ಫೋಟೊ ಮೊದಲು ಕಳಿಸಿದರು, ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ಬಂತು. ಚೀಟಿ ಕೈಗೆ ಬಂದ ಕೂಡಲೇ ಹೆಸರಿನ ಅಕ್ಷರಗಳು, ಪಾಸ್‌ಪೋರ್ಟ್ ಸಂಖ್ಯೆ, ಆರಂಭ ಮತ್ತು ಮುಕ್ತಾಯದ ದಿನಾಂಕ, ತಂಗಬಹುದಾದ ದಿನಗಳು ಎಲ್ಲವನ್ನೂ ಪರಿಶೀಲಿಸಿ, ತಪ್ಪಿದ್ದರೆ ಹೊರಡುವ ಮುನ್ನವೇ ಕಚೇರಿಗೆ ತಿಳಿಸಬೇಕು. ಆರಂಭದ ದಿನಾಂಕಕ್ಕಿಂತ ಮೊದಲಿನ ವಿಮಾನದ ಟಿಕೆಟ್ ಮಾಡಬೇಡಿ. ದೆಹಲಿಯಿಂದ ತಾಲಿನ್‌ಗೆ ನೇರ ವಿಮಾನವಿಲ್ಲ. ಹೆಲ್ಸಿಂಕಿಯಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಇಳಿದು ಬದಲಿಸುವುದಾದರೆ ಷೆಂಗೆನ್ ಪ್ರವೇಶದ ತಪಾಸಣೆ ಅಲ್ಲಿಯೇ ನಡೆಯುತ್ತದೆ, ಆದ್ದರಿಂದ ಪ್ರವೇಶ ಪತ್ರ, ವಿಮೆ, ಹಣದ ದಾಖಲೆಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ. ಅಲ್ಲಿ ತಲುಪಿದ ಮೇಲೆ ವಾಸದ ಪರವಾನಗಿಗೆ ಪೊಲೀಸ್ ಮತ್ತು ಗಡಿ ರಕ್ಷಣಾ ಮಂಡಳಿಯಲ್ಲಿ ಬೇರೆ ಅರ್ಜಿ ಹಾಕಬೇಕು. ಅದರ ಕಾಗದಗಳನ್ನು ಈಗ ಜೋಡಿಸುತ್ತಿದ್ದೇನೆ, ಅಪ್ಪನ ಬಿಲ್ಲುಗಳ ಇನ್ನೊಂದು ಜೆರಾಕ್ಸ್ ಪ್ರತಿಯನ್ನೂ ಸೇರಿಸಿದ್ದೇನೆ.